ಗುಜರಿ ಕಬ್ಬಿಣ ಮತ್ತು ಕಾಲು ಮೈಲಿ: ಮನೆಯಲ್ಲೇ ಕಟ್ಟಿದ ಡ್ರ್ಯಾಗ್ ಕಾರುಗಳ ಚರಿತ್ರೆ

ನಿಂತಲ್ಲಿಂದ ಹೊರಟ ಎರಡು ವಾಹನಗಳಲ್ಲಿ ಯಾವುದು ನೇರವಾದ ಪಟ್ಟಿಯ ಮೇಲೆ ಕಾಲು ಮೈಲಿಯ ಗುರಿಯನ್ನು, ಅಂದರೆ 1320 ಅಡಿ ಅಥವಾ ಸುಮಾರು 402 ಮೀಟರ್ ದೂರದ ಗೆರೆಯನ್ನು, ಮೊದಲು ಮುಟ್ಟುತ್ತದೆ ಎಂಬುದನ್ನು ತೀರ್ಮಾನಿಸುವ ಸ್ಪರ್ಧೆಗೆ ಡ್ರ್ಯಾಗ್ ರೇಸ್ ಎಂದು ಹೆಸರು. ತಿರುವುಗಳಿಲ್ಲದ, ಹೆಚ್ಚೆಂದರೆ ಹದಿನೈದು ಇಪ್ಪತ್ತು ಸೆಕೆಂಡುಗಳಲ್ಲಿ ಮುಗಿದುಹೋಗುವ ಈ ಓಟ ಮೋಟಾರು ಕ್ರೀಡೆಗಳಲ್ಲೆಲ್ಲ ಅತ್ಯಂತ ಸರಳವಾದದ್ದೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಅದರ ಹುಟ್ಟು ಬೆಳವಣಿಗೆಗಳನ್ನು ಪರಿಶೀಲಿಸಿದಾಗ, ಇಪ್ಪತ್ತನೆಯ ಶತಮಾನದ ನಡುಭಾಗದ ಅಮೆರಿಕದಲ್ಲಿ ಕೈಯಲ್ಲಿ ಹೆಚ್ಚು ಕಾಸಿಲ್ಲದ, ಆದರೆ ಲೇತು ವೆಲ್ಡಿಂಗುಗಳ ಕೆಲಸ ಬಲ್ಲ ಯುವಕರು ಹಿತ್ತಿಲಿನ ಶೆಡ್ಡುಗಳಲ್ಲಿ ರೂಢಿಸಿಕೊಂಡ ಒಂದು ಯಂತ್ರವಿದ್ಯೆಯ ಚರಿತ್ರೆ ಅದರ ಹಿಂದೆ ಇರುವುದು ಕಾಣುತ್ತದೆ. ಯುರೋಪಿನ ಮೋಟಾರು ಓಟಗಳು ಬಹುಮಟ್ಟಿಗೆ ಕಾರ್ಖಾನೆಗಳ ಮತ್ತು ಸಿರಿವಂತರ ಆಶ್ರಯದಲ್ಲಿ ಬೆಳೆದವು. ಡ್ರ್ಯಾಗ್ ರೇಸಿಗೆ ಆರಂಭದ ದಿನಗಳಲ್ಲಿ ಅಂಥ ಆಶ್ರಯ ಇರಲಿಲ್ಲ. ಕಾರಿನ ಆಕಾರ, ಎಂಜಿನ್ನಿನ ಹದ, ಓಟದ ನಿಯಮ ಈ ಮೂರನ್ನೂ ರೂಪಿಸಿದ್ದು ಆ ಕಾಲದ ಕೈಬಿಗಿತವೇ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಈ ಚರಿತ್ರೆಯ ಮೊದಲ ನೆಲೆ ದಕ್ಷಿಣ ಕ್ಯಾಲಿಫೋರ್ನಿಯಾ. ಲಾಸ್ ಏಂಜಲೀಸ್ ನಗರದಿಂದಾಚೆ ಮೊಹಾವಿ ಮರುಭೂಮಿಯಲ್ಲಿ ಮ್ಯೂರಾಕ್, ಎಲ್ ಮಿರಾಜ್ ಮುಂತಾದ ಒಣಗಿದ ಕೆರೆಯಂಗಳಗಳಿವೆ. ಮಳೆಗಾಲದಲ್ಲಿ ಒಂದಿಷ್ಟು ನೀರು ನಿಂತು, ಬಿಸಿಲಿಗೆ ಆರಿ, ಮೈಲಿಗಟ್ಟಲೆ ಗಟ್ಟಿಯಾದ ಸಮತಟ್ಟು ಜೇಡಿನೆಲವಾಗಿ ಉಳಿಯುವ ಈ ಬಯಲುಗಳಲ್ಲಿ 1920ರ ದಶಕದಿಂದಲೇ ಯುವಕರು ತಮ್ಮ ಕಾರುಗಳ ವೇಗವನ್ನು ಪರೀಕ್ಷಿಸುತ್ತಿದ್ದರು. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರುಗಳು ಅಷ್ಟರಲ್ಲಿ ಹಳತಾಗಿ ಗುಜರಿ ಅಂಗಡಿಗಳನ್ನು ಸೇರತೊಡಗಿದ್ದವು, ಮತ್ತು ಕೆಲವೇ ಡಾಲರುಗಳಿಗೆ ಒಂದು ಚಾಸಿ, ಇನ್ನು ಕೆಲವು ಡಾಲರುಗಳಿಗೆ ಒಂದು ಎಂಜಿನ್ ಸಿಗುತ್ತಿದ್ದ ಆ ಕಾಲದಲ್ಲಿ ಗ್ಯಾರೇಜಿನ ಕೆಲಸಗಾರನೊಬ್ಬ ತನ್ನ ಸಂಬಳದಲ್ಲೇ ಓಟದ ಕಾರೊಂದನ್ನು ಜೋಡಿಸಿಕೊಳ್ಳಬಹುದಾಗಿತ್ತು. ಹೀಗೆ ಹಳೆಯ ಕಾರನ್ನು ಬಿಚ್ಚಿ, ಹಗುರಗೊಳಿಸಿ, ಎಂಜಿನ್ನಿನ ಬಲ ಹೆಚ್ಚಿಸಿ ಮರುಜೋಡಿಸಿದ ವಾಹನಕ್ಕೆ ಮುಂದೆ ಹಾಟ್ ರಾಡ್ ಎಂಬ ಹೆಸರು ನಿಂತಿತು. 1937ರಲ್ಲಿ ಇಂಥ ಯುವಕರ ಕ್ಲಬ್ಬುಗಳೆಲ್ಲ ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಒಕ್ಕೂಟವನ್ನು ಕಟ್ಟಿಕೊಂಡು ಮರುವರ್ಷ ಮ್ಯೂರಾಕ್ ಬಯಲಿನಲ್ಲಿ ಮೊದಲ ಕೂಟವನ್ನು ನಡೆಸಿದವು. ಒಕ್ಕೂಟದ ಹೆಸರಿನಲ್ಲಿಯೇ ಸಮಯ ಅಳೆಯುವ ಕೆಲಸಕ್ಕೆ ಸ್ಥಾನ ಸಿಕ್ಕಿರುವುದು ಅರ್ಥಪೂರ್ಣವಾಗಿದೆ. ಯಾರ ಕಾರು ಚೆನ್ನಾಗಿ ಓಡುತ್ತದೆ ಎಂಬ ಬಾಯಿಮಾತಿನ ಜಗಳವನ್ನು ಗಡಿಯಾರದ ಮುಂದೆ ತಂದು ನಿಲ್ಲಿಸಿದ್ದು ಈ ಪರಂಪರೆಯ ಮೊದಲ ದೊಡ್ಡ ಹೆಜ್ಜೆ.

1932ರಲ್ಲಿ ಫೋರ್ಡ್ ಕಂಪನಿ ಬಿಡುಗಡೆ ಮಾಡಿದ ವಿ-8 ಎಂಜಿನ್ ಇವರ ಕೈಗೆ ಸಿಕ್ಕ ವರವಾಯಿತು. ನಾಲ್ಕು ನಾಲ್ಕು ಸಿಲಿಂಡರುಗಳ ಎರಡು ಸಾಲುಗಳನ್ನು ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಒಂದೇ ಎರಕದ ಬ್ಲಾಕಿನಲ್ಲಿ ಕೂಡಿಸಿದ್ದ ಈ ಎಂಜಿನ್ನಿನ ಗಾತ್ರ 221 ಘನ ಅಂಗುಲ, ಅಂದರೆ ಸುಮಾರು 3.6 ಲೀಟರ್, ಬಲ 65 ಅಶ್ವಶಕ್ತಿ. ಅದುವರೆಗೆ ದುಬಾರಿ ಕಾರುಗಳಲ್ಲಿ ಮಾತ್ರ ಕಾಣುತ್ತಿದ್ದ ಎಂಟು ಸಿಲಿಂಡರುಗಳ ಈ ವಿನ್ಯಾಸವನ್ನು ಸಾಮಾನ್ಯರ ಕಾರಿಗೆ ಇಳಿಸಿದ ಕೀರ್ತಿ ಫೋರ್ಡ್ ಕಂಪನಿಗೆ ಸಲ್ಲುತ್ತದೆ. ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿ ಬ್ಲಾಕಿನೊಳಗೇ ಇದ್ದು, ಮೇಲಿನ ಹೆಡ್ ಒಂದು ಚಪ್ಪಟೆ ಮುಚ್ಚಳದಂತಿದ್ದುದರಿಂದ ಇದನ್ನು ಫ್ಲ್ಯಾಟ್‌ಹೆಡ್ ಎಂದು ಕರೆಯುತ್ತಿದ್ದರು. ಬಿಸಿಯಾದ ಹೊಗೆ ಬ್ಲಾಕಿನೊಳಗಿನ ದಾರಿಯಲ್ಲೇ ಹಾದು ಹೊರಹೋಗಬೇಕಾಗಿದ್ದ ಕಾರಣ ಬೇಗ ಕಾಯುವುದು ಅದರ ದೊಡ್ಡ ದೋಷವಾಗಿದ್ದರೂ, ಅಗ್ಗವಾಗಿ ಸಿಗುವುದು, ಬಿಚ್ಚಿ ಜೋಡಿಸಲು ಸುಲಭವಾಗಿರುವುದು, ಮತ್ತು ಸುಧಾರಣೆಗೆ ಸಾಕಷ್ಟು ಅವಕಾಶ ಬಿಟ್ಟಿರುವುದು ಇವೆಲ್ಲ ಸೇರಿ ಅದು ಇಪ್ಪತ್ತು ವರ್ಷಗಳ ಕಾಲ ಹಿತ್ತಿಲ ಮೆಕ್ಯಾನಿಕ್ಕುಗಳ ಪಾಠಶಾಲೆಯೇ ಆಯಿತು.

ಎರಡನೆಯ ಮಹಾಯುದ್ಧ ಕೆರೆಯಂಗಳದ ಓಟಗಳನ್ನು ನಿಲ್ಲಿಸಿತು. ಮ್ಯೂರಾಕ್ ಬಯಲು ಸೇನೆಯ ವಶವಾಗಿ ಮುಂದೆ ಎಡ್ವರ್ಡ್ಸ್ ವಾಯುನೆಲೆಯ ಭಾಗವಾಯಿತು. ಯುದ್ಧ ಮುಗಿದಾಗ ಪರಿಸ್ಥಿತಿ ಮೂರು ರೀತಿಯಲ್ಲಿ ಬದಲಾಗಿತ್ತು. ವಿಮಾನ, ಟ್ಯಾಂಕುಗಳ ದುರಸ್ತಿಯಲ್ಲಿ ಪಳಗಿದ ಸಾವಿರಾರು ತರುಣರು ಸೇನೆಯಿಂದ ಮನೆಗೆ ಮರಳಿದ್ದರು; ಸೇನೆಗೆ ಬೇಡವಾದ ಅಲ್ಯೂಮಿನಿಯಂ ತಗಡು, ವಿಮಾನದ ಆಸನಪಟ್ಟಿ, ಪ್ಯಾರಾಚೂಟು, ಇಂಧನ ಟ್ಯಾಂಕುಗಳು ತೂಕದ ಲೆಕ್ಕದಲ್ಲಿ ಮಾರಾಟಕ್ಕೆ ಬಂದಿದ್ದವು; ಯುದ್ಧಕ್ಕೆಂದು ಅವಸರದಲ್ಲಿ ಕಟ್ಟಿದ ಅನೇಕ ವಿಮಾನಪಟ್ಟಿಗಳು ಕೆಲಸವಿಲ್ಲದೆ ಬಿದ್ದಿದ್ದವು. ಯುದ್ಧವಿಮಾನದ ಹೊಟ್ಟೆಯಡಿ ತೂಗುಹಾಕುತ್ತಿದ್ದ ಹೆಚ್ಚುವರಿ ಇಂಧನದ ಟ್ಯಾಂಕಿಗೆ ನಾಲ್ಕು ಚಕ್ರ ಮತ್ತು ಒಂದು ಫೋರ್ಡ್ ಎಂಜಿನ್ ಕೂಡಿಸಿ 1946ರಲ್ಲಿ ಬಿಲ್ ಬರ್ಕ್ ಎಂಬವರು ಓಟದ ಕಾರೊಂದನ್ನು ಸಿದ್ಧಪಡಿಸಿದ್ದು ಆ ಕಾಲದ ಮನೋಧರ್ಮಕ್ಕೆ ಒಳ್ಳೆಯ ನಿದರ್ಶನ. ಗಾಳಿಯನ್ನು ಸೀಳಲು ವಿಮಾನ ತಜ್ಞರು ಲೆಕ್ಕಹಾಕಿ ರೂಪಿಸಿದ್ದ ಆಕಾರವು ಹೀಗೆ ಬಹಳ ಕಡಿಮೆ ಬೆಲೆಗೆ ಹಾಟ್ ರಾಡ್ ಪ್ರಿಯರ ಕೈಸೇರಿತು.

ಮರುಭೂಮಿಯ ದೂರ, ದೂಳು, ಪೆಟ್ರೋಲಿನ ಖರ್ಚು ಎಲ್ಲರಿಗೂ ಎಟುಕುವಂಥದ್ದಾಗಿರಲಿಲ್ಲವಾದ್ದರಿಂದ ಊರೊಳಗಿನ ಸಾರ್ವಜನಿಕ ರಸ್ತೆಗಳಲ್ಲಿ, ಸಿಗ್ನಲ್ ದೀಪದಿಂದ ಸಿಗ್ನಲ್ ದೀಪದವರೆಗೆ ಪಂದ್ಯ ಕಟ್ಟುವ ಚಾಳಿ ಹಬ್ಬಿತು. ಅಪಘಾತಗಳು ಹೆಚ್ಚಿ, ಪತ್ರಿಕೆಗಳು ಹಾಟ್ ರಾಡ್ ಯುವಕರನ್ನು ಪುಂಡರೆಂದು ಬಣ್ಣಿಸತೊಡಗಿದವು. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ಆರಂಭಿಸಿದ ಹಾಟ್ ರಾಡ್ ಪತ್ರಿಕೆ ಮತ್ತು ಅದರ ಸಂಪಾದಕತ್ವ ವಹಿಸಿಕೊಂಡ ವಾಲಿ ಪಾರ್ಕ್ಸ್ ಈ ಅಪಖ್ಯಾತಿಯನ್ನು ತೊಡೆಯಲು ಶ್ರಮಿಸಿದರು. 1949ರ ಏಪ್ರಿಲ್‌ನಲ್ಲಿ ಸಾಂತಾ ಬಾರ್ಬರಾ ಸಮೀಪದ ಗೊಲೀಟಾದಲ್ಲಿ, ವಿಮಾನನಿಲ್ದಾಣದ ಪಕ್ಕದ ರಸ್ತೆಯೊಂದರಲ್ಲಿ ಟಾಮ್ ಕಾಬ್ಸ್ ಮತ್ತು ಫ್ರಾನ್ ಹರ್ನಾಂಡೆಜ್ ನಡುವೆ ನಡೆದ ಓಟವನ್ನು ವ್ಯವಸ್ಥಿತ ಡ್ರ್ಯಾಗ್ ರೇಸಿನ ಆರಂಭಬಿಂದುಗಳಲ್ಲಿ ಒಂದೆಂದು ಪರಿಗಣಿಸಲಾಗಿದೆ. 1950ರಲ್ಲಿ ಸಿ. ಜೆ. ಹಾರ್ಟ್ ತಮ್ಮ ಇಬ್ಬರು ಸಂಗಡಿಗರೊಂದಿಗೆ ಆರೆಂಜ್ ಕೌಂಟಿ ವಿಮಾನನಿಲ್ದಾಣದ ಬಳಸದೆ ಬಿಟ್ಟ ಪಟ್ಟಿಯೊಂದರಲ್ಲಿ ಸಾಂತಾ ಆನಾ ಡ್ರ್ಯಾಗ್ ಕೇಂದ್ರವನ್ನು ತೆರೆದಾಗ ಈ ಕ್ರೀಡೆಗೆ ಶಾಶ್ವತವಾದ ವಿಳಾಸ ಸಿಕ್ಕಂತಾಯಿತು. ಭಾನುವಾರದ ಓಟಗಳಿಗೆ ಪ್ರವೇಶ ಶುಲ್ಕ ಅರ್ಧ ಡಾಲರ್. ಹಾರ್ಟ್ ಅವರ ಪತ್ನಿ ಪೆಗ್ಗಿ ಹಾರ್ಟ್ ಕೂಡ ಅಲ್ಲಿ ಕಾರು ಓಡಿಸುತ್ತಿದ್ದರು. ಯುದ್ಧಕಾಲದ ವಿಮಾನಪಟ್ಟಿಗಳು ಮೋಟಾರು ಕ್ರೀಡೆಗೆ ತೊಟ್ಟಿಲಾದದ್ದು ಅಮೆರಿಕದಲ್ಲಿ ಮಾತ್ರವಲ್ಲ. ಚೆನ್ನೈ ಹೊರವಲಯದ ಶೋಲಾವರಂ ಎಂಬಲ್ಲಿ ಅಂಥದೇ ಪಟ್ಟಿಯೊಂದರ ಮೇಲೆ ದಶಕಗಳ ಕಾಲ ನಡೆದ ಓಟಗಳಿಗೆ ಬೆಂಗಳೂರಿನ ಸವಾರರೂ ಚಾಲಕರೂ ಹೋಗುತ್ತಿದ್ದರು. ಆದರೆ ಅಲ್ಲಿ ಬೆಳೆದದ್ದು ಸುತ್ತು ಹಾಕುವ ಓಟವೇ ಹೊರತು ಕಾಲು ಮೈಲಿಯ ನೇರ ಓಟವಲ್ಲ.

ಮರುಭೂಮಿಯ ಓಟದಲ್ಲಿ ಕಾರು ಮೈಲಿಗಟ್ಟಲೆ ಓಡಿ ನಿಧಾನವಾಗಿ ಗರಿಷ್ಠ ವೇಗ ಮುಟ್ಟುತ್ತಿತ್ತು. ಆದ್ದರಿಂದ ಗಾಳಿಯ ತಡೆಯನ್ನು ಕಡಿಮೆ ಮಾಡುವ ಮೈಕಟ್ಟಿಗೆ ಅಲ್ಲಿ ಬೆಲೆ. ಕಾಲು ಮೈಲಿಯಲ್ಲಾದರೋ ಓಟದ ಬಹುಭಾಗವೆಲ್ಲ ವೇಗ ಹೆಚ್ಚಿಸಿಕೊಳ್ಳುವುದರಲ್ಲೇ ಕಳೆಯುತ್ತದೆ, ಮತ್ತು ಒಂದೇ ಬಲದ ಎಂಜಿನ್ ಕಡಿಮೆ ತೂಕವನ್ನು ಎಳೆದಷ್ಟೂ ಬೇಗ ಮುಂದೆ ಸಾಗುತ್ತದೆ. ಈ ತತ್ವ ಕೈಬಿಗಿತದವರ ಪಾಲಿಗೆ ದೊಡ್ಡ ಅನುಕೂಲವಾಯಿತು. ಎಂಜಿನ್ನಿನ ಬಲ ಹೆಚ್ಚಿಸಲು ಹಣ ಬೇಕು. ತೂಕ ಇಳಿಸಲು ಬೇಕಾದದ್ದು ಒಂದು ಸ್ಪ್ಯಾನರ್, ಒಂದು ಗರಗಸ ಮಾತ್ರ. ಸಾಂತಾ ಆನಾದಲ್ಲಿ ಡಿಕ್ ಕ್ರಾಫ್ಟ್ ಎಂಬ ಯುವಕ ತನ್ನ ಹಳೆಯ ಫೋರ್ಡಿನಿಂದ ಬಾಗಿಲು, ಬಾನೆಟ್, ಮಡ್‌ಗಾರ್ಡ್, ಕೊನೆಗೆ ಇಡೀ ಮೈಕಟ್ಟನ್ನೇ ಕಳಚಿಹಾಕಿ, ಎರಡು ಚಾಸಿ ಕಂಬಿಗಳ ನಡುವೆ ಎಂಜಿನ್ ಮತ್ತು ಒಂದು ಆಸನ ಮಾತ್ರ ಉಳಿದ ವಾಹನವೊಂದನ್ನು ತಂದು ಗಂಟೆಗೆ 100 ಮೈಲಿಗೂ ಮೀರಿದ ವೇಗದಲ್ಲಿ ಓಡಿಸಿದ. ದಿ ಬಗ್ ಎಂದು ಹೆಸರಾದ ಈ ಬೋಳುಕಾರನ್ನು ಡ್ರ್ಯಾಗ್‌ಸ್ಟರ್ ಎಂಬ ಇಡೀ ವರ್ಗದ ಮೂಲಪುರುಷನೆಂದು ಅನೇಕ ಇತಿಹಾಸಕಾರರು ಗುರುತಿಸುತ್ತಾರೆ. ಸ್ಯಾನ್ ಡಿಯೇಗೋ ನಗರದ ಬೀನ್ ಬ್ಯಾಂಡಿಟ್ಸ್ ಎಂಬ ಕ್ಲಬ್ಬನ್ನೂ ಇಲ್ಲಿ ನೆನೆಯಬೇಕು. ವಾಕೀನ್ ಆರ್ನೆಟ್ ಎಂಬ ನಿಪುಣ ಕಸುಬುದಾರನ ನೇತೃತ್ವದ ಈ ಗುಂಪಿನಲ್ಲಿ ಮೆಕ್ಸಿಕನ್ ಮೂಲದವರ ಜೊತೆಗೆ ಬಿಳಿಯರು, ಕರಿಯರು ಎಲ್ಲರೂ ಇದ್ದರು. ಜನಾಂಗಭೇದ ಕಟುವಾಗಿದ್ದ ಆ ಕಾಲದಲ್ಲಿ, ಅಗ್ಗದ ಸಾಮಗ್ರಿಯಿಂದ ತಾವೇ ಕಟ್ಟಿದ ಕಾರುಗಳೊಂದಿಗೆ ಬಂದು ಅವರು 1950ರ ದಶಕದ ಮೊದಲ ವರ್ಷಗಳಲ್ಲಿ ಸಾಲುಸಾಲಾಗಿ ಗೆದ್ದರು. ಗಡಿಯಾರವೊಂದೇ ತೀರ್ಪುಗಾರನಾಗಿದ್ದ ಕಡೆ ಅವರ ಗೆಲುವನ್ನು ಅಲ್ಲಗಳೆಯುವುದು ಯಾರಿಗೂ ಸಾಧ್ಯವಿರಲಿಲ್ಲ.

ತೂಕ ಇಳಿಸಿದ ಮೇಲೆ ಉಳಿದದ್ದು ಎಂಜಿನ್ನಿನ ಹದ. ಟ್ಯೂನಿಂಗ್ ಎಂದು ಕರೆಯುವ ಈ ವಿದ್ಯೆಯಲ್ಲಿ ಹೊಸ ಭಾಗಗಳನ್ನು ಕೊಳ್ಳುವುದಕ್ಕಿಂತ ಇರುವ ಭಾಗಗಳನ್ನು ತಿದ್ದುವುದೇ ಮುಖ್ಯವಾಗಿತ್ತು. ಸಿಲಿಂಡರ್ ಹೆಡ್ಡಿನ ಅಡಿಯ ಮುಖವನ್ನು ಕೂದಲೆಳೆಯಷ್ಟು ಸವೆಸಿದರೆ ಪಿಸ್ಟನ್ನಿನ ಮೇಲಿನ ಜಾಗ ಕಿರಿದಾಗಿ, ಗಾಳಿ ಪೆಟ್ರೋಲುಗಳ ಮಿಶ್ರಣ ಹೆಚ್ಚು ಒತ್ತಿಕೊಂಡು, ಅದೇ ಇಂಧನದಿಂದ ಹೆಚ್ಚು ಬಲ ಹೊರಡುತ್ತದೆ. ಇದಕ್ಕೆ ಕಂಪ್ರೆಷನ್ ಏರಿಸುವುದು ಎನ್ನುತ್ತಾರೆ. ಫೋರ್ಡ್ ಕಂಪನಿಯದೇ ಆದ ಮರ್ಕ್ಯುರಿ ಕಾರಿನ ಕ್ರ್ಯಾಂಕ್‌ಶಾಫ್ಟಿನಲ್ಲಿ ಪಿಸ್ಟನ್ 4 ಅಂಗುಲ ಚಲಿಸುತ್ತಿತ್ತು, ಫೋರ್ಡಿನದರಲ್ಲಿ ಮೂರೂಮುಕ್ಕಾಲು ಅಂಗುಲ ಮಾತ್ರ. ಗುಜರಿಯಿಂದ ಮರ್ಕ್ಯುರಿಯ ಶಾಫ್ಟನ್ನು ತಂದು ಫೋರ್ಡ್ ಬ್ಲಾಕಿನಲ್ಲಿ ಕೂಡಿಸಿದರೆ ಎಂಜಿನ್ನಿನ ಗಾತ್ರವೇ ಹಿಗ್ಗುತ್ತಿತ್ತು. ಒಂದು ಕಾರ್ಬ್ಯುರೇಟರಿನ ಜಾಗದಲ್ಲಿ ಎರಡೋ ಮೂರೋ ಸ್ಟ್ರಾಂಬರ್ಗ್ 97 ಕಾರ್ಬ್ಯುರೇಟರುಗಳನ್ನು ನಿಲ್ಲಿಸುವುದು, ವಾಲ್ವುಗಳು ಹೆಚ್ಚು ಹೊತ್ತು ತೆರೆದಿರುವಂತೆ ಕ್ಯಾಮ್‌ಶಾಫ್ಟಿನ ಉಬ್ಬುಗಳನ್ನು ಮತ್ತೆ ಅರೆಯುವುದು, ಸೈಲೆನ್ಸರನ್ನು ಕಿತ್ತು ನೇರವಾದ ಕೊಳವೆ ಹಾಕುವುದು ಇವೆಲ್ಲ ಬೇಗನೆ ಸಾಮಾನ್ಯ ಜ್ಞಾನವಾದವು. ಈ ಭಾಗಗಳನ್ನು ತಮಗಾಗಿ ಮಾಡಿಕೊಳ್ಳುತ್ತಿದ್ದ ವಿಕ್ ಎಡೆಲ್‌ಬ್ರಾಕ್, ಎಡ್ ಇಸ್ಕೆಂಡೇರಿಯನ್ ಮುಂತಾದವರು ಗೆಳೆಯರಿಗೂ ಮಾಡಿಕೊಡುತ್ತ, ಆ ಮೂಲಕ ಬಿಡಿಭಾಗಗಳ ಒಂದು ಇಡೀ ಉದ್ಯಮಕ್ಕೆ ಅಡಿಪಾಯ ಹಾಕಿದರು.

ಹೆಚ್ಚಿನ ಉಪಕರಣಗಳಿಲ್ಲದವರು ಎಂಜಿನ್ನಿನ ಒಳಗನ್ನು ಅರಿಯುತ್ತಿದ್ದುದು ಸ್ಪಾರ್ಕ್ ಪ್ಲಗ್ಗಿನ ಮೂಲಕ, ಮತ್ತು ಈ ಕೌಶಲವನ್ನು ತುಸು ವಿವರವಾಗಿ ನೋಡುವುದು ಉಚಿತ. ಕಾರು ಕಾಲು ಮೈಲಿಯ ಗೆರೆ ದಾಟಿದ ಕ್ಷಣವೇ ಚಾಲಕ ಕ್ಲಚ್ ತುಳಿದು ಎಂಜಿನ್ ಬಂದ್ ಮಾಡುತ್ತಾನೆ. ನಿಧಾನವಾಗಿ ಓಡಿಸಿಕೊಂಡು ಬಂದರೆ ಪ್ಲಗ್ಗಿನ ಮೇಲೆ ಪೂರ್ಣವೇಗದ ಗುರುತು ಅಳಿಸಿಹೋಗುತ್ತದೆ. ಕಾರನ್ನು ತಳ್ಳಿಕೊಂಡು ಬಂದು, ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚಿ, ಯಾವ ಸಿಲಿಂಡರಿನದು ಯಾವುದೆಂದು ಸಾಲಾಗಿ ಜೋಡಿಸಿ, ಬಿಳಿಯ ಪಿಂಗಾಣಿಯ ಬುಡವನ್ನು ಬೆಳಕಿಗೆ ಹಿಡಿದು ನೋಡಬೇಕು. ಅದು ತಿಳಿಕಂದು ಬಣ್ಣಕ್ಕೆ ತಿರುಗಿದ್ದರೆ ಗಾಳಿ ಇಂಧನಗಳ ಪಾಲು ಸರಿಯಾಗಿದೆ. ಮಸಿಗಟ್ಟಿದ್ದರೆ ಇಂಧನ ಹೆಚ್ಚಾಗಿದೆ, ಕಾರ್ಬ್ಯುರೇಟರಿನೊಳಗಿನ ಜೆಟ್ ಎಂಬ ಸಣ್ಣ ರಂಧ್ರದ ತುಂಡನ್ನು ಒಂದು ಅಳತೆ ಚಿಕ್ಕದಕ್ಕೆ ಬದಲಿಸಬೇಕು. ಸುಣ್ಣದಂತೆ ಬೆಳ್ಳಗಿದ್ದರೆ ಇಂಧನ ಸಾಲದೆ ಎಂಜಿನ್ ಸುಡುತ್ತಿದೆ. ಪಿಂಗಾಣಿಯ ಮೇಲೆ ಬೆಳ್ಳಿಯ ಚುಕ್ಕಿಗಳು ಕಂಡರೆ ಅವು ಪಿಸ್ಟನ್ನಿನಿಂದ ಹಾರಿದ ಅಲ್ಯೂಮಿನಿಯಂ ಕಣಗಳು. ಕಿಡಿ ತೀರ ಮುಂಚೆ ಹೊತ್ತಿಕೊಂಡು ಮಿಶ್ರಣ ಸ್ಫೋಟಿಸುತ್ತಿದೆ, ಮುಂದಿನ ಓಟಕ್ಕೆ ಮುನ್ನ ಕಿಡಿಯ ಟೈಮಿಂಗನ್ನು ಹಿಂದಕ್ಕೆ ತರದಿದ್ದರೆ ಪಿಸ್ಟನ್ ತೂತಾಗುತ್ತದೆ ಎಂದು ಅರ್ಥ. ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮೊದಲೇ ಕಿಡಿ ಹಾರಬೇಕು ಎಂಬುದಕ್ಕೆ ಟೈಮಿಂಗ್ ಎನ್ನುತ್ತಾರೆ. ಅದನ್ನು ಒಂದೆರಡು ಡಿಗ್ರಿ ಮುಂದಕ್ಕೂ ಹಿಂದಕ್ಕೂ ಸರಿಸಿ, ಪ್ರತಿ ಬಾರಿಯೂ ಓಟದ ಸಮಯವನ್ನು ಬರೆದಿಟ್ಟುಕೊಂಡು, ಒಮ್ಮೆಗೆ ಒಂದೇ ಬದಲಾವಣೆ ಎಂಬ ಶಿಸ್ತನ್ನು ಪಾಲಿಸಿದವರು ಮಾತ್ರ ಮುಂದೆ ಬಂದರು. ಶಾಲೆಯಲ್ಲಿ ಭೌತಶಾಸ್ತ್ರ ಓದದ ಹುಡುಗರು ಪ್ರಯೋಗಶಾಲೆಯ ಕ್ರಮವನ್ನು ಈ ದಾರಿಯಿಂದ ಮೈಗೂಡಿಸಿಕೊಂಡರೆಂಬುದು ಈ ಕ್ರೀಡೆಯ ಬಗ್ಗೆ ಗೌರವ ಹುಟ್ಟಿಸುವ ಸಂಗತಿ.

ಬಲ ಹೆಚ್ಚಿಸುವ ಇನ್ನೊಂದು ದಾರಿ ಇಂಧನವನ್ನೇ ಬದಲಿಸುವುದಾಗಿತ್ತು. ಗೊಲೀಟಾದಲ್ಲಿ ಹರ್ನಾಂಡೆಜ್ ಗೆಲ್ಲಲು ಕಾರಣವಾದದ್ದು ನೈಟ್ರೋಮೀಥೇನ್ ಎಂಬ ದ್ರವ. ಪೆಟ್ರೋಲಿನ ಒಂದು ಪಾಲು ಪೂರ್ತಿಯಾಗಿ ಉರಿಯಲು ತೂಕದಲ್ಲಿ ಹೆಚ್ಚುಕಡಿಮೆ 14.7 ಪಾಲು ಗಾಳಿ ಬೇಕು. ತನ್ನ ಅಣುವಿನಲ್ಲೇ ಆಮ್ಲಜನಕವನ್ನು ಹೊತ್ತುಬರುವ ನೈಟ್ರೋಮೀಥೇನಿಗೆ ಸುಮಾರು 1.7 ಪಾಲು ಸಾಕು. ತೂಕಕ್ಕೆ ತೂಕ ನೋಡಿದರೆ ಅದರ ಶಾಖ ಪೆಟ್ರೋಲಿಗಿಂತ ಬಹಳ ಕಡಿಮೆಯಾದರೂ, ಎಂಜಿನ್ ಎಳೆದುಕೊಳ್ಳುವ ಅದೇ ಗಾಳಿಯಲ್ಲಿ ಎಂಟು ಪಟ್ಟಿಗೂ ಹೆಚ್ಚು ಇಂಧನವನ್ನು ಉರಿಸಬಹುದಾದ್ದರಿಂದ ಪ್ರತಿ ಹೊಡೆತದ ಒಟ್ಟು ಬಲ ಪೆಟ್ರೋಲಿನ ಎರಡು ಪಟ್ಟನ್ನೂ ಮೀರುತ್ತದೆ. ಅಗ್ಗದ ಎಂಜಿನ್ನಿಗೆ ಒಂದು ಡಬ್ಬಿಯಲ್ಲಿ ಬಲ ತುಂಬುವ ಈ ಉಪಾಯ ಬೇಗ ಹಬ್ಬಿತು, ಜೊತೆಗೆ ಒಡೆದ ಬ್ಲಾಕುಗಳೂ ಬಾಗಿದ ಕನೆಕ್ಟಿಂಗ್ ರಾಡುಗಳೂ ರಾಶಿ ಬಿದ್ದವು. ಬಸ್ಸು ಲಾರಿಗಳ ಡೀಸೆಲ್ ಎಂಜಿನ್ನಿಗೆ ಗಾಳಿ ತಳ್ಳುತ್ತಿದ್ದ ಜನರಲ್ ಮೋಟಾರ್ಸ್ ಕಂಪನಿಯ 6-71 ಬ್ಲೋವರನ್ನು ಗುಜರಿಯಿಂದ ತಂದು ಕಾರಿನ ಎಂಜಿನ್ನಿನ ನೆತ್ತಿಗೆ ಕೂಡಿಸುವ ಪದ್ಧತಿಯೂ ಹೀಗೆಯೇ ಬಂತು. ಆರು ಸಿಲಿಂಡರುಗಳ, ಸಿಲಿಂಡರೊಂದಕ್ಕೆ 71 ಘನ ಅಂಗುಲದ ಎಂಜಿನ್ನಿಗೆಂದು ಮಾಡಿದ ಸಾಮಾನ್ಯ ಯಂತ್ರಭಾಗವದು. ಇಂದಿನ ಅತಿವೇಗದ ಡ್ರ್ಯಾಗ್ ಕಾರುಗಳ ಮೇಲೆ ಕೂರುವ ಬ್ಲೋವರುಗಳೂ ಅದರ ವಂಶದವೇ.

ಎಂಜಿನ್ನಿನ ಬಲವೆಲ್ಲ ನೆಲಕ್ಕೆ ಇಳಿಯದೆ ಟೈರು ಗಿರಗಿರನೆ ತಿರುಗಿ ಹೊಗೆಯಾಡಿದರೆ ಪ್ರಯೋಜನವಿಲ್ಲ. ಆದ್ದರಿಂದ ಕಾರು ಹೊರಟಾಗ ಹಿಂದಿನ ಚಕ್ರಗಳ ಮೇಲೆ ತೂಕ ಬೀಳುವಂತೆ ಮಾಡುವುದು ಚಾಸಿ ಕಟ್ಟುವವರ ಮುಖ್ಯ ಚಿಂತೆಯಾಯಿತು. ಎಂಜಿನ್ನನ್ನು ಹಿಂದಕ್ಕೆ ಸರಿಸಿ, ಚಾಲಕನನ್ನೂ ಹಿಂದಿನ ಆಕ್ಸಲ್ಲಿಗಿಂತ ಹಿಂದೆ, ಎರಡು ಚಕ್ರಗಳ ನಡುವೆ ಕೂಡಿಸುವ ಸ್ಲಿಂಗ್‌ಶಾಟ್ ಎಂಬ ವಿನ್ಯಾಸವನ್ನು 1954ರಲ್ಲಿ ಪ್ರಯೋಗಿಸಿದವರಲ್ಲಿ ಮಿಕ್ಕಿ ಥಾಂಪ್ಸನ್ ಪ್ರಮುಖರು. ಹಳೆಯ ಟೈರಿನ ಮೇಲೆ ಗೀರುಗಳಿಲ್ಲದ ಮೆದು ರಬ್ಬರನ್ನು ಅಂಟಿಸಿ ರೀಟ್ರೆಡ್ ಮಾಡಿಸಿದರೆ ಹಿಡಿತ ಹೆಚ್ಚುತ್ತದೆಂದು ಕಂಡುಕೊಂಡದ್ದರಿಂದ ಸ್ಲಿಕ್ ಎಂಬ ಬೋಳು ಟೈರು ಬಳಕೆಗೆ ಬಂತು. ಗಾಳಿಯ ಒತ್ತಡವನ್ನು ತಗ್ಗಿಸಿ ಟೈರು ನೆಲಕ್ಕೆ ಹೆಚ್ಚು ಅಗಲವಾಗಿ ತಾಗುವಂತೆ ಮಾಡುವುದನ್ನೂ ರೂಢಿಸಿಕೊಂಡರು. ಎರಡೂ ಚಕ್ರಗಳು ಸಮನಾಗಿ ತಿರುಗಲೆಂದು ಡಿಫರೆನ್ಷಿಯಲ್ಲಿನ ಹಲ್ಲುಚಕ್ರಗಳನ್ನೇ ವೆಲ್ಡ್ ಮಾಡಿಬಿಡುತ್ತಿದ್ದುದು ಅತ್ಯಂತ ಅಗ್ಗದ ಉಪಾಯ. ತಿರುವಿನಲ್ಲಿ ಅಂಥ ಕಾರು ಮೊಂಡು ಹಿಡಿದರೂ ಕಾಲು ಮೈಲಿಯಲ್ಲಿ ತಿರುವೇ ಇಲ್ಲ.

ಇಷ್ಟೆಲ್ಲ ಜಾಣ್ಮೆಗೆ ತೆತ್ತ ಬೆಲೆಯೂ ದೊಡ್ಡದೇ. ಎರಕದ ಕಬ್ಬಿಣದ ಫ್ಲೈವೀಲು ಅತಿವೇಗದಲ್ಲಿ ಸಿಡಿದರೆ ಅದರ ಚೂರುಗಳು ಕಾರಿನ ನೆಲವನ್ನು ಸೀಳಿ ಚಾಲಕನ ಕಾಲಿಗೆ ಹೊಡೆಯುತ್ತಿದ್ದವು, ಪ್ರೇಕ್ಷಕರಿಗೂ ಅಪಾಯವಿತ್ತು. 1951ರಲ್ಲಿ ವಾಲಿ ಪಾರ್ಕ್ಸ್ ನೇತೃತ್ವದಲ್ಲಿ ಸ್ಥಾಪನೆಯಾದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಈ ಅವ್ಯವಸ್ಥೆಗೆ ನಿಯಮದ ಚೌಕಟ್ಟು ಹಾಕಿತು. 1953ರ ಏಪ್ರಿಲ್‌ನಲ್ಲಿ ಪೊಮೋನಾ ನಗರದ ಜಾತ್ರೆ ಮೈದಾನದ ವಾಹನ ನಿಲುಗಡೆ ಜಾಗದಲ್ಲಿ, ಸ್ಥಳೀಯ ಪೊಲೀಸರ ಬೆಂಬಲದೊಂದಿಗೆ, ಅದು ತನ್ನ ಮೊದಲ ಅಧಿಕೃತ ಓಟವನ್ನು ನಡೆಸಿತು. 1954ರಿಂದ ನಾಲ್ವರ ತಂಡವೊಂದು ಟ್ರೇಲರ್ ಕಟ್ಟಿದ ಕಾರಿನಲ್ಲಿ ದೇಶವಿಡೀ ಸುತ್ತಿ, ಓಟ ನಡೆಸುವುದು ಹೇಗೆ, ಸಮಯ ಅಳೆಯುವುದು ಹೇಗೆ, ಕಾರನ್ನು ತಪಾಸಣೆ ಮಾಡುವುದು ಹೇಗೆ ಎಂದು ಊರೂರಿನ ಕ್ಲಬ್ಬುಗಳಿಗೆ ಕಲಿಸಿತು. ಸೇಫ್ಟಿ ಸಫಾರಿ ಎಂದು ಹೆಸರಾದ ಈ ಸಂಚಾರ ಇಡೀ ಚರಿತ್ರೆಯಲ್ಲೇ ಅತ್ಯಂತ ಫಲಕಾರಿಯಾದ ಕೆಲಸವೆಂದರೆ ತಪ್ಪಾಗದು. ಬೀದಿಯಲ್ಲಿ ಸಾಯುತ್ತಿದ್ದ ಹುಡುಗರನ್ನು ಅದು ಬೇಲಿ ಹಾಕಿದ, ಕಾವಲಿದ್ದ ಪಟ್ಟಿಗೆ ಕರೆತಂದಿತು. ಕ್ಲಚ್ಚಿನ ಸುತ್ತ ದಪ್ಪ ಉಕ್ಕಿನ ಕವಚ, ತಲೆಯ ಮೇಲೆ ಕಬ್ಬಿಣದ ಕಮಾನು, ಸೊಂಟಕ್ಕೆ ಬೆಲ್ಟು ಇವೆಲ್ಲ ಕ್ರಮೇಣ ಕಡ್ಡಾಯವಾದವು. 1955ರಲ್ಲಿ ಕ್ಯಾನ್ಸಸ್ ರಾಜ್ಯದ ಗ್ರೇಟ್ ಬೆಂಡ್‌ನಲ್ಲಿ ಆರಂಭವಾದ ಮೊದಲ ರಾಷ್ಟ್ರೀಯ ಸ್ಪರ್ಧೆ ಮಳೆಯಿಂದ ನಿಂತುಹೋಗಿ ಕೊನೆಯ ಸುತ್ತು ಅರಿಜೋನಾದ ಫೀನಿಕ್ಸ್‌ನಲ್ಲಿ ನಡೆಯಬೇಕಾಯಿತು. 1957ರಲ್ಲಿ ಸಂಸ್ಥೆ ನೈಟ್ರೋಮೀಥೇನನ್ನು ನಿಷೇಧಿಸಿತಾದರೂ ಎಲ್ಲ ಪಟ್ಟಿಗಳೂ ಅದನ್ನು ಒಪ್ಪಲಿಲ್ಲ; 1963ರಲ್ಲಿ ನಿಷೇಧ ತೆರವಾಯಿತು.

ಹಿತ್ತಿಲ ಪರಂಪರೆ ಮುಟ್ಟಿದ ಎತ್ತರವನ್ನು ಫ್ಲಾರಿಡಾದ ಡಾನ್ ಗಾರ್ಲಿಟ್ಸ್ ಅವರ ಬದುಕಿನಲ್ಲಿ ಕಾಣಬಹುದು. 1931ರ ಷೆವ್ರೊಲೆ ಕಾರಿನ ಚಾಸಿ ಕಂಬಿಗಳು ಮತ್ತು ಗುಜರಿಯಿಂದ ತಂದ ಕ್ರೈಸ್ಲರ್ ಹೆಮಿ ಎಂಜಿನ್ ಇವುಗಳಿಂದ ಅವರು ಕಟ್ಟಿದ, ಮುಂದೆ ಸ್ವಾಂಪ್ ರ‍್ಯಾಟ್ ಎಂದು ಪ್ರಸಿದ್ಧವಾದ ಕಾರು 1957ರ ನವೆಂಬರ್‌ನಲ್ಲಿ ಬ್ರೂಕ್ಸ್‌ವಿಲ್ ಎಂಬಲ್ಲಿ ಗಂಟೆಗೆ 176.40 ಮೈಲಿ, ಅಂದರೆ ಸುಮಾರು 284 ಕಿಲೋಮೀಟರ್ ವೇಗ ಮುಟ್ಟಿದಾಗ ಕ್ಯಾಲಿಫೋರ್ನಿಯಾದವರು ಅದನ್ನು ನಂಬಲು ಸಿದ್ಧರಿರಲಿಲ್ಲ. 1964ರಲ್ಲಿ ಅವರು 200 ಮೈಲಿಯ ಗಡಿ ದಾಟಿದರು. 1970ರ ಮಾರ್ಚ್ 8ರಂದು ಲಯನ್ಸ್ ಎಂಬ ಡ್ರ್ಯಾಗ್ ಪಟ್ಟಿಯಲ್ಲಿ ಅವರ ಕಾಲುಗಳ ನಡುವಿದ್ದ ಗೇರ್‌ಬಾಕ್ಸ್ ಸಿಡಿದು ಬಲಪಾದದ ಅರ್ಧಭಾಗ ಹೋಯಿತು. ಆಸ್ಪತ್ರೆಯಿಂದ ಹೊರಬಂದವರು ಎಂಜಿನ್ನನ್ನು ಚಾಲಕನ ಬೆನ್ನಹಿಂದೆ ಇಡುವ ಹೊಸ ಕಾರನ್ನು ಕಟ್ಟಿ 1971ರ ಋತುವಿನಲ್ಲಿ ಗೆದ್ದು ತೋರಿಸಿದ ಮೇಲೆ ಸ್ಲಿಂಗ್‌ಶಾಟ್ ವಿನ್ಯಾಸ ಕೆಲವೇ ವರ್ಷಗಳಲ್ಲಿ ಮರೆಯಾಯಿತು. ಎಷ್ಟೋ ಚಾಲಕರ ಜೀವ ಉಳಿಸಿದ ಈ ಬದಲಾವಣೆ ಕಾರ್ಖಾನೆಯ ವಿನ್ಯಾಸ ವಿಭಾಗದಿಂದ ಬಂದದ್ದಲ್ಲ.

ಓಡಿಸುವ ಕಲೆಯೂ ಇದೇ ಅವಧಿಯಲ್ಲಿ ಬದಲಾಯಿತು. ಮೊದಲಿಗೆ ಎರಡು ಕಾರುಗಳ ನಡುವೆ ನಿಂತ ಒಬ್ಬ ಬಾವುಟ ಬೀಸಿ ಓಟ ಆರಂಭಿಸುತ್ತಿದ್ದ. ಅವನ ಭುಜದ ಅಲುಗಾಟವನ್ನು ಓದಬಲ್ಲವರಿಗೆ ಅನುಕೂಲವಾಗುತ್ತಿತ್ತು. 1963ರಿಂದ ಬಂದ ದೀಪದ ಕಂಬವು, ಒಂದರ ಕೆಳಗೊಂದು ಹಳದಿ ದೀಪಗಳು ಅರ್ಧ ಸೆಕೆಂಡಿನ ಅಂತರದಲ್ಲಿ ಹೊತ್ತಿ ಕೊನೆಗೆ ಹಸಿರು ಬೆಳಗುವಂತೆ ಮಾಡಿ, ಈ ಅನುಮಾನವನ್ನು ಕಳೆಯಿತು. ಚಾಲಕ ಕಾರನ್ನು ಅಂಗುಲ ಅಂಗುಲವಾಗಿ ಮುಂದೊತ್ತಿ ಮುಂಗಾಲಿಗಳು ಎರಡು ಅದೃಶ್ಯ ಬೆಳಕಿನ ಎಳೆಗಳನ್ನು ತಡೆಯುವಲ್ಲಿ ನಿಲ್ಲಿಸಬೇಕು. ಹಸಿರು ಕಂಡ ಮೇಲೆ ಕ್ಲಚ್ ಬಿಟ್ಟರೆ ಆಗಲೇ ತಡವಾಗಿರುತ್ತದೆ, ಏಕೆಂದರೆ ಕಣ್ಣಿನಿಂದ ಕಾಲಿಗೆ, ಕಾಲಿನಿಂದ ಚಕ್ರಕ್ಕೆ ಚಲನೆ ತಲುಪಲು ಹೊತ್ತು ಬೇಕು. ಆದ್ದರಿಂದ ಅನುಭವಿಗಳು ಕೊನೆಯ ಹಳದಿ ಹೊತ್ತಿದೊಡನೆ ಹೊರಡುತ್ತಾರೆ. ಹಸಿರಿಗೆ ಮೊದಲೇ ಗೆರೆ ಬಿಟ್ಟರೆ ಕೆಂಪು ದೀಪ ಹೊತ್ತಿ ಸೋಲು ಖಚಿತ. ಓಟ ಮುಗಿದ ಮೇಲೆ ಕೈಗೆ ಬರುವ ಚೀಟಿಯಲ್ಲಿ ಪ್ರತಿಕ್ರಿಯೆಯ ಸಮಯ, ಮೊದಲ 60 ಅಡಿಗೆ ಹಿಡಿದ ಸಮಯ, ಒಟ್ಟು ಸಮಯ, ಕೊನೆಯ ವೇಗ ಎಲ್ಲವೂ ಇರುತ್ತವೆ. ವೇಗ ಚೆನ್ನಾಗಿದ್ದು ಒಟ್ಟು ಸಮಯ ಕೆಟ್ಟಿದ್ದರೆ ಎಂಜಿನ್ನಿನಲ್ಲಿ ಬಲವಿದೆ, ಹೊರಡುವಾಗ ಟೈರು ಜಾರಿದೆ. ಸಮಯ ಚೆನ್ನಾಗಿದ್ದು ವೇಗ ಕಡಿಮೆಯಿದ್ದರೆ ಹಿಡಿತ ಸರಿಯಿದೆ, ಎಂಜಿನ್ ಕೊನೆಯಲ್ಲಿ ಸೊರಗುತ್ತಿದೆ. 100 ಪೌಂಡ್ ತೂಕ ಇಳಿಸಿದರೆ ಸೆಕೆಂಡಿನ ಹತ್ತನೆಯ ಒಂದು ಭಾಗ ಉಳಿಯುತ್ತದೆಂಬ ರೂಢಿಯ ಲೆಕ್ಕವೂ ಇಂಥ ಚೀಟಿಗಳನ್ನು ವರ್ಷಗಟ್ಟಲೆ ಹೋಲಿಸಿದ್ದರಿಂದ ಹುಟ್ಟಿದ್ದು.

1960ರ ದಶಕದಲ್ಲಿ ಡೆಟ್ರಾಯಿಟ್‌ನ ಕಾರ್ಖಾನೆಗಳು ಓಟಕ್ಕೆಂದೇ ಹಗುರ ಕಾರುಗಳನ್ನು ತಯಾರಿಸತೊಡಗಿದವು. 1970ರಲ್ಲಿ ಆಟಿಕೆ ಕಂಪನಿಯೊಂದು ಡಾನ್ ಪ್ರುಡೋಮ್ ಮತ್ತು ಟಾಮ್ ಮೆಕ್‌ಯೂವನ್ ಅವರ ಕಾರುಗಳಿಗೆ ಪ್ರಾಯೋಜಕತ್ವ ನೀಡಿತು. 1975ರಿಂದ ಸಿಗರೇಟ್ ಕಂಪನಿಯ ಹಣ ಹರಿಯಿತು. ಮನೆಯಲ್ಲೇ ಕಾರು ಕಟ್ಟುವವನಿಗೆ ಮೇಲಿನ ವರ್ಗಗಳ ಬಾಗಿಲು ಹೆಚ್ಚುಕಡಿಮೆ ಮುಚ್ಚಿತು. ಇದೇ ಕಾಲದಲ್ಲಿ, 1973ರಲ್ಲಿ, ನೈಟ್ರೋ ಇಂಧನದ ಅತ್ಯುನ್ನತ ವರ್ಗದಲ್ಲಿ ಓಡಿಸಲು ಪರವಾನಗಿ ಪಡೆದ ಮೊದಲ ಮಹಿಳೆಯಾದ ಶರ್ಲಿ ಮಲ್ಡೌನಿ 1977, 1980 ಮತ್ತು 1982ರಲ್ಲಿ ಆ ವರ್ಗದ ರಾಷ್ಟ್ರೀಯ ಪ್ರಶಸ್ತಿಯನ್ನೂ ಗೆದ್ದರು. ಅವರೂ ಬೀದಿಯ ಓಟಗಳಿಂದ, ಪತಿ ಕಟ್ಟಿಕೊಟ್ಟ ಕಾರಿನಿಂದ ಆರಂಭಿಸಿದವರೇ.

ಬಾಗಿಲನ್ನು ಮತ್ತೆ ತೆರೆದದ್ದು ಯಂತ್ರವಲ್ಲ, ಒಂದು ನಿಯಮ. ಬ್ರಾಕೆಟ್ ರೇಸಿಂಗ್ ಎಂದು 1970ರ ದಶಕದಲ್ಲಿ ಬೇರೂರಿದ ಪದ್ಧತಿಯಲ್ಲಿ ಪ್ರತಿ ಚಾಲಕನೂ ತನ್ನ ಕಾರು ಕಾಲು ಮೈಲಿಗೆ ಎಷ್ಟು ಸಮಯ ತೆಗೆದುಕೊಳ್ಳುತ್ತದೆಂದು ಮೊದಲೇ ಘೋಷಿಸಿ ಗಾಜಿನ ಮೇಲೆ ಬರೆಯುತ್ತಾನೆ. ಒಬ್ಬನದು 15.80 ಸೆಕೆಂಡ್, ಇನ್ನೊಬ್ಬನದು 12.50 ಆದರೆ, ನಿಧಾನದ ಕಾರಿಗೆ 3.30 ಸೆಕೆಂಡ್ ಮೊದಲೇ ಹಸಿರು ದೀಪ ಬೆಳಗುತ್ತದೆ. ಘೋಷಿಸಿದ್ದಕ್ಕಿಂತ ಬೇಗ ಓಡಿದವನು ಸೋಲುತ್ತಾನೆ, ಆದ್ದರಿಂದ ಸುಳ್ಳು ಹೇಳಿ ಲಾಭವಿಲ್ಲ. ಇಲ್ಲಿ ಗೆಲ್ಲುವುದು ಹೆಚ್ಚು ಬಲದ ಕಾರಲ್ಲ. ಪ್ರತಿ ಬಾರಿಯೂ ಒಂದೇ ರೀತಿ ಓಡುವ ಕಾರು, ಮತ್ತು ದೀಪಕ್ಕೆ ಸರಿಯಾಗಿ ಸ್ಪಂದಿಸುವ ಚಾಲಕ. ಮಧ್ಯಾಹ್ನದ ಬಿಸಿಗಾಳಿ ತೆಳುವಾಗಿ ಎಂಜಿನ್ನಿನ ಬಲ ಕುಗ್ಗುತ್ತದೆ, ಸಂಜೆಯ ತಂಪಿಗೆ ಅದೇ ಕಾರು ಬೇಗ ಓಡುತ್ತದೆ. ಟೈರಿನ ಒತ್ತಡ, ಎಂಜಿನ್ನಿನ ಶಾಖ, ತೇವಾಂಶ ಇವನ್ನೆಲ್ಲ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಮುಂದಿನ ಓಟದ ಸಮಯವನ್ನು ಸೆಕೆಂಡಿನ ನೂರನೆಯ ಭಾಗದವರೆಗೆ ಊಹಿಸುವವನೇ ಇಲ್ಲಿ ನಿಪುಣ. ಮುಂದೆ ಕಾರು ಹೊರಡುವ ಕ್ಷಣವನ್ನು ತಾವೇ ನಿರ್ಧರಿಸುವ ವಿದ್ಯುನ್ಮಾನ ಪೆಟ್ಟಿಗೆಗಳು ಬಂದು ಹಣದ ಮೇಲುಗೈ ಮರಳಿತಾದರೂ, ಅಂಥ ಉಪಕರಣಗಳಿಗೆ ಅವಕಾಶವಿಲ್ಲದ ಪ್ರತ್ಯೇಕ ವರ್ಗಗಳನ್ನು ರಚಿಸಿ ಪಟ್ಟಿಗಳವರು ಆ ದೋಷವನ್ನು ಬಹುಮಟ್ಟಿಗೆ ಸರಿಪಡಿಸಿದರು.

ಸಾಂತಾ ಆನಾ ಪಟ್ಟಿ 1959ರಲ್ಲಿ ಮುಚ್ಚಿತು, ಲಯನ್ಸ್ 1972ರಲ್ಲಿ ಮುಚ್ಚಿತು. ಪೊಮೋನಾದಲ್ಲಿ ಓಟಗಳು ಇಂದಿಗೂ ನಡೆಯುತ್ತಿವೆ, ಮತ್ತು ಗಾರ್ಲಿಟ್ಸ್ ಅವರ ಒಂದು ಕಾರು 1987ರಲ್ಲಿ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯ ಸೇರಿತು. ಅತಿವೇಗದ ನೈಟ್ರೋ ವರ್ಗಗಳ ಓಟವನ್ನು 2008ರಲ್ಲಿ ಚಾಲಕನೊಬ್ಬನ ಸಾವಿನ ನಂತರ 1000 ಅಡಿಗೆ ಇಳಿಸಲಾಯಿತು. ಸಾಮಾನ್ಯರ ವರ್ಗಗಳಲ್ಲಿ ಹಳೆಯ ಕಾಲು ಮೈಲಿ ಉಳಿದುಕೊಂಡಿದೆ. ಡ್ರ್ಯಾಗ್ ರೇಸಿನ ಚರಿತ್ರೆಯನ್ನು ಬರೆದವರು ಇದುವರೆಗೆ ದಾಖಲೆಯ ವೇಗಗಳಿಗೆ ಮತ್ತು ಪ್ರಸಿದ್ಧ ಹೆಸರುಗಳಿಗೆ ಕೊಟ್ಟಷ್ಟು ಗಮನವನ್ನು ಬ್ರಾಕೆಟ್ ವರ್ಗದ ಕಾರುಗಳಿಗೆ ಕೊಟ್ಟಿಲ್ಲ. ವಾರಾಂತ್ಯಗಳಲ್ಲಿ ಅಮೆರಿಕದ ಊರೂರಿನ ಪಟ್ಟಿಗಳಲ್ಲಿ ಸಾಲು ನಿಲ್ಲುವ ಕಾರುಗಳಲ್ಲಿ ಬಹುಪಾಲು ಅವೇ ಆಗಿವೆ, ಮತ್ತು ಅವುಗಳಲ್ಲಿ ಎಷ್ಟೋ ಕಾರುಗಳು ಈಗಲೂ ಅವುಗಳ ಒಡೆಯರು ತಮ್ಮ ಕೈಯಾರೆ ಕಟ್ಟಿಕೊಂಡವು.